ಸುಧಾರಣಾ ಸೇವೆ ಓದುವವರಿಗೆ: ಪುನರಪರಾಧದ ಲೆಕ್ಕ, ರಿಸ್ಕ್ ಸ್ಕೋರು, ಜೈಲಿನ ಫೀಲ್ಡ್‌ವರ್ಕ್

ಪ್ರಶ್ನೆ: ಹೊಸ_ಓದು

ಅಪರಾಧ ನ್ಯಾಯ ಪದವಿಯ ಎರಡನೇ ವರ್ಷ. ಆಯ್ಕೆ ವಿಷಯ ಸುಧಾರಣಾ ಸೇವೆ, ಅಂದರೆ ಜೈಲು, ಪ್ರೊಬೇಷನ್ (ಜೈಲಿನ ಬದಲು ಮೇಲ್ವಿಚಾರಣೆ), ಪೆರೋಲ್ (ಶಿಕ್ಷೆ ಮುಗಿಯುವ ಮುನ್ನ ಷರತ್ತಿನ ಮೇಲೆ ಬಿಡುಗಡೆ) ಎಲ್ಲ ಸೇರಿದ್ದು. ಮೂರು ವಿಷಯದಲ್ಲಿ ಸಹಾಯ ಬೇಕು.

ಟರ್ಮ್ ಪೇಪರಿನ ವಿಷಯ: ಜೈಲಿನೊಳಗಿನ ಶಿಕ್ಷಣದಿಂದ ಪುನರಪರಾಧ (ಬಿಡುಗಡೆಯಾದ ಮೇಲೆ ಮತ್ತೆ ಅಪರಾಧ ಮಾಡುವುದು) ಕಡಿಮೆಯಾಗುತ್ತದೆಯೇ? ಒಂದು ಕಾರ್ಯಕ್ರಮದ ವರದಿ, "ಕೋರ್ಸ್ ಮುಗಿಸಿದವರಲ್ಲಿ ಶೇ. 20, ಸೇರದವರಲ್ಲಿ ಶೇ. 35" ಎನ್ನುತ್ತದೆ. ಅದೇ ಕಾರ್ಯಕ್ರಮದ ಮೇಲಿನ ಇನ್ನೊಂದು ವಿಶ್ಲೇಷಣೆ, ವ್ಯತ್ಯಾಸವೇ ಇಲ್ಲ ಎನ್ನುತ್ತದೆ. ಯಾವುದನ್ನು ನಂಬುವುದು?

ಎರಡನೆಯದು, ರಿಸ್ಕ್-ನೀಡ್-ರೆಸ್ಪಾನ್ಸಿವಿಟಿ ಮಾದರಿ, ಅಂದರೆ ಅಪಾಯ, ಅಗತ್ಯ, ಸ್ಪಂದನೆ ನೋಡಿ ಒಬ್ಬೊಬ್ಬರಿಗೆ ಕಾರ್ಯಕ್ರಮ ಹೊಂದಿಸುವುದು. ವ್ಯಾಖ್ಯೆ ಬಾಯಿಪಾಠ ಆಗಿದೆ, ಆದರೆ ಸ್ಕೋರು ಕೈಗೆ ಕೊಟ್ಟರೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.

ಮೂರನೆಯದು, ಮುಂದಿನ ಸೆಮಿಸ್ಟರಿನಲ್ಲಿ ಆರು ವಾರ ಜೈಲಿನಲ್ಲಿ ಫೀಲ್ಡ್‌ವರ್ಕ್ ಇದೆ. ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು? ಥಿಯರಿ ಎಷ್ಟು ಓದಿಕೊಂಡು ಹೋಗಬೇಕು?

ಉತ್ತರ: ಅಂಕಿ_ಅಂಶ

ಮೊದಲ ಪ್ರಶ್ನೆಗೆ ವಿವರವಾಗಿ ಬರೆಯುತ್ತೇನೆ. ಇದು ಗಟ್ಟಿಯಾದರೆ ಉಳಿದದ್ದು ಸಲೀಸು.

ನಿಮ್ಮ ಎರಡೂ ವರದಿಗಳು ನಿಜ ಹೇಳುತ್ತಿರಬಹುದು. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. 200 ಜನ ಕೋರ್ಸಿಗೆ ಸೇರಿದರು. 120 ಜನ ಮುಗಿಸಿದರು, 80 ಜನ ನಡುವೆ ಬಿಟ್ಟರು. ಮುಗಿಸಿದವರಲ್ಲಿ 24 ಜನ ಮತ್ತೆ ಅಪರಾಧ ಮಾಡಿದರು, ಶೇ. 20. ಬಿಟ್ಟವರಲ್ಲಿ 44 ಜನ, ಶೇ. 55. ಸೇರಿದ ಎಲ್ಲರನ್ನೂ ಹಿಡಿದರೆ 200ಕ್ಕೆ 68, ಶೇ. 34. ಕೋರ್ಸಿಗೆ ಸೇರದ, ಉಳಿದೆಲ್ಲದರಲ್ಲೂ ಇವರಂತೆಯೇ ಇರುವ 200 ಜನರಲ್ಲಿ 70, ಶೇ. 35. ಈಗ ಶೇ. 20ನ್ನು 35ರ ಪಕ್ಕದಲ್ಲಿಟ್ಟರೆ ಕೋರ್ಸ್ ಅದ್ಭುತ, ಶೇ. 34ನ್ನು ಇಟ್ಟರೆ ಏನೂ ಇಲ್ಲ. ಛಲ ಇರುವವರು, ಕುಟುಂಬದ ಬೆಂಬಲ ಇರುವವರು, ವ್ಯಸನ ಇಲ್ಲದವರು ಕೋರ್ಸನ್ನೂ ಮುಗಿಸುತ್ತಾರೆ, ಹೊರಗೆ ಹೋದ ಮೇಲೆ ನೆಟ್ಟಗೂ ಇರುತ್ತಾರೆ. ಮುಗಿಸಿದವರನ್ನಷ್ಟೇ ಎಣಿಸಿದಾಗ ಆ ಗುಣಗಳ ಫಲವೆಲ್ಲ ಕೋರ್ಸಿನ ಖಾತೆಗೆ ಜಮಾ ಆಗುತ್ತದೆ. ಸೇರಿದ ಎಲ್ಲರನ್ನೂ ಎಣಿಸಿ ಹೋಲಿಸುವುದೇ ನ್ಯಾಯವಾದ ಪದ್ಧತಿ. ಯಾವ ವರದಿ ಓದಿದರೂ ಮೊದಲು ಹುಡುಕಬೇಕಾದದ್ದು ನಡುವೆ ಬಿಟ್ಟವರು ಎಲ್ಲಿ ಹೋದರು ಎಂಬುದನ್ನು.

ಎರಡನೇ ಪರೀಕ್ಷೆ: ಯಾವುದನ್ನು ಪುನರಪರಾಧ ಎಂದು ಎಣಿಸಿದ್ದಾರೆ? ಮರುಬಂಧನ, ಮತ್ತೆ ಅಪರಾಧಿ ಎಂಬ ತೀರ್ಪು, ಮತ್ತೆ ಜೈಲುವಾಸ, ಈ ಮೂರೂ ಬೇರೆ ಬೇರೆ ಅಳತೆಗಳು. ಮರುಬಂಧನದ ಸಂಖ್ಯೆ ಸಾಮಾನ್ಯವಾಗಿ ದೊಡ್ಡದು, ಏಕೆಂದರೆ ಹಿಡಿದವರೆಲ್ಲ ತಪ್ಪಿತಸ್ಥರಲ್ಲ. ಅದು ಪೊಲೀಸರ ಕೆಲಸವನ್ನೂ ಅಳೆಯುತ್ತದೆ. ತೀರ್ಪನ್ನು ಎಣಿಸಿದರೆ ಕೋರ್ಟಿನ ವಿಳಂಬ ಒಳಗೆ ಬರುತ್ತದೆ: ಎರಡು ವರ್ಷ ಮಾತ್ರ ಹಿಂಬಾಲಿಸಿದ ಅಧ್ಯಯನದಲ್ಲಿ ಇನ್ನೂ ನಡೆಯುತ್ತಿರುವ ಕೇಸುಗಳು ಕಾಣುವುದೇ ಇಲ್ಲ. ಮರಳಿ ಜೈಲಿಗೆ ಬಂದದ್ದನ್ನು ಎಣಿಸಿದರೆ ಪೆರೋಲ್ ಷರತ್ತು ಮುರಿದವರೂ ಸೇರಿಬಿಡುತ್ತಾರೆ. ಅಧಿಕಾರಿಯ ಭೇಟಿ ತಪ್ಪಿಸಿದ್ದು, ಕರ್ಫ್ಯೂ ಮೀರಿದ್ದು, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿದ್ದು, ಇವುಗಳಲ್ಲಿ ಹೊಸ ಅಪರಾಧದ ಆರೋಪವೇ ಇಲ್ಲದಿರಬಹುದು. ಅಮೆರಿಕದಲ್ಲಿ 1980ರ ದಶಕದ ಕೊನೆಗೆ 14 ಕಡೆ ಪ್ರೊಬೇಷನ್, ಪೆರೋಲಿನಲ್ಲಿರುವವರ ತೀವ್ರ ಮೇಲ್ವಿಚಾರಣೆಯನ್ನು ಯಾದೃಚ್ಛಿಕ ಪ್ರಯೋಗದ (ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸುವ) ಮೂಲಕ ಪರೀಕ್ಷಿಸಿದರು. ಹೊಸ ಬಂಧನಗಳು ಕಡಿಮೆಯಾಗಲಿಲ್ಲ, ಷರತ್ತು ಉಲ್ಲಂಘನೆಗಳು ಹೆಚ್ಚಿದವು. ಹತ್ತಿರದಿಂದ ನೋಡಿದಷ್ಟೂ ತಪ್ಪು ಹೆಚ್ಚು ಕಣ್ಣಿಗೆ ಬೀಳುತ್ತದೆ.

ಮೂರನೆಯದು ಗಡಿಯಾರ. ಎಣಿಕೆ ಶುರುವಾದದ್ದು ಬಿಡುಗಡೆಯ ದಿನದಿಂದಲೋ, ಕೋರ್ಸ್ ಮುಗಿದ ದಿನದಿಂದಲೋ? ಕೋರ್ಸ್ ಮುಗಿಸಿ ಇನ್ನೂ ಎಂಟು ತಿಂಗಳು ಒಳಗೇ ಇದ್ದವನಿಗೆ ಆ ಎಂಟು ತಿಂಗಳು ಹೊರಗಿನ ಅಪರಾಧ ಸಾಧ್ಯವೇ ಇಲ್ಲ. ಆಸ್ಪತ್ರೆಯಲ್ಲಿದ್ದ, ಬೇರೆ ಕೇಸಿನಲ್ಲಿ ಒಳಗಿದ್ದ ದಿನಗಳನ್ನೂ ಕಳೆಯಬೇಕು. ಸತ್ತವರನ್ನೂ ನೋಡಬೇಕು, ಇದು ಸಣ್ಣ ವಿಷಯವಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಬಿಡುಗಡೆಯಾದವರ ಅಧ್ಯಯನದಲ್ಲಿ, ಮೊದಲ ಎರಡು ವಾರ ಸಾವಿನ ಅಪಾಯ ಸಾಮಾನ್ಯ ಜನರಿಗಿಂತ 12.7 ಪಟ್ಟು ಇತ್ತು. ದೊಡ್ಡ ಕಾರಣ ಮಾದಕ ವಸ್ತುವಿನ ಮಿತಿಮೀರಿದ ಸೇವನೆ. ಒಳಗಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ, ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾನೆ. ಹೀಗೆ ಸತ್ತವನು ಕೆಟ್ಟ ಲೆಕ್ಕದಲ್ಲಿ "ಮತ್ತೆ ಅಪರಾಧ ಮಾಡದವನು" ಎಂದು ಯಶಸ್ಸಿನ ಪಟ್ಟಿಗೆ ಸೇರಿಬಿಡುತ್ತಾನೆ.

ಇನ್ನೊಂದು ಬಲೆ, ಇಂದು ಒಳಗಿರುವವರು ಮತ್ತು ವರ್ಷದಲ್ಲಿ ಬಿಡುಗಡೆಯಾಗುವವರು ಒಂದೇ ಜನ ಎಂದುಕೊಳ್ಳುವುದು. 200 ಹಾಸಿಗೆಯ ಜೈಲು ಎಂದುಕೊಳ್ಳಿ. 100 ಹಾಸಿಗೆಯಲ್ಲಿ ಹತ್ತು ವರ್ಷದ ಶಿಕ್ಷೆಯವರು, 100ರಲ್ಲಿ ಒಂದು ತಿಂಗಳಿನವರು. ಯಾವ ದಿನ ಎಣಿಸಿದರೂ ಅರ್ಧ ಜನ ದೀರ್ಘ ಶಿಕ್ಷೆಯವರೇ. ಆದರೆ ವರ್ಷದಲ್ಲಿ ಹೊರಹೋಗುವವರು 10 ಮತ್ತು 1,200. ಬಿಡುಗಡೆಯಾದವರ ಪುನರಪರಾಧದ ಪ್ರಮಾಣ ಹೆಚ್ಚುಕಡಿಮೆ ಪೂರ್ತಿ ಸಣ್ಣ ಶಿಕ್ಷೆಯವರದ್ದೇ ಆಗಿರುತ್ತದೆ. ಅದನ್ನು ತಂದು "ಜೈಲಿನಲ್ಲಿರುವವರಲ್ಲಿ ಇಷ್ಟು ಜನ ಮತ್ತೆ ಅಪರಾಧ ಮಾಡುತ್ತಾರೆ" ಎಂದು ಬರೆದರೆ ತಪ್ಪು.

ಪೇಪರಿಗೆ ಇತಿಹಾಸ ಬೇಕಾದರೆ 1974ರಲ್ಲಿ ಬಂದ, ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಟಿನ್‌ಸನ್ ಲೇಖನದಿಂದ ಶುರು ಮಾಡಿ. ಅಪರಾಧಿಗಳ ಸುಧಾರಣಾ ಕಾರ್ಯಕ್ರಮಗಳ ಮೇಲಿನ, 1945ರಿಂದ 1967ರವರೆಗಿನ 231 ಅಧ್ಯಯನಗಳ ಪರಿಶೀಲನೆಯನ್ನು ಆಧರಿಸಿದ ಆ ಲೇಖನವನ್ನು "ಯಾವುದೂ ಫಲ ಕೊಡುವುದಿಲ್ಲ" ಎಂಬ ಒಂದೇ ಸಾಲಿಗೆ ಇಳಿಸಿದರು. 1979ರಲ್ಲಿ ಅವರೇ ಆ ನಿಲುವನ್ನು ಬಹುಪಾಲು ಹಿಂತೆಗೆದುಕೊಂಡರು, ಆದರೆ ಅಷ್ಟು ಹೊತ್ತಿಗೆ ನೀತಿ ಮಾಡುವವರು ಮೊದಲ ಸಾಲನ್ನೇ ಹಿಡಿದಾಗಿತ್ತು. ಎದುರು ಕಡೆಯ ಉದಾಹರಣೆಯನ್ನೂ ಕೊಡಿ: ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಹೆದರಿಸುವ ಕಾರ್ಯಕ್ರಮಗಳು. ಯಾದೃಚ್ಛಿಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೋಗಿ ಬಂದವರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಒಳ್ಳೆಯ ಉದ್ದೇಶದ ಕೆಲಸವೂ ಹಾನಿ ಮಾಡಬಲ್ಲದು, ಅಳತೆ ಬೇಕಾಗುವುದೇ ಅದಕ್ಕೆ.

ಉತ್ತರ: ಕೇಸ್_ಫೈಲು

ಎರಡನೇ ಪ್ರಶ್ನೆ ನನ್ನದು.

ಆಂಡ್ರೂಸ್, ಬೊಂಟಾ ಮತ್ತು ಹೋಗ್ 1990ರಲ್ಲಿ ಮಂಡಿಸಿದ ಈ ಮಾದರಿಯ ಮೂರು ಪದಗಳು ಮೂರು ಪ್ರಶ್ನೆಗಳಿಗೆ ಉತ್ತರ. ಯಾರಿಗೆ ಎಷ್ಟು? ಯಾವುದರ ಮೇಲೆ ಕೆಲಸ? ಯಾವ ರೀತಿಯಲ್ಲಿ?

ಯಾರಿಗೆ ಎಷ್ಟು ಎಂಬುದೇ ರಿಸ್ಕ್ ತತ್ವ. ಅಪಾಯ ಹೆಚ್ಚಿರುವವರಿಗೆ ತೀವ್ರವಾದ ಕಾರ್ಯಕ್ರಮ, ಕಡಿಮೆ ಇರುವವರಿಗೆ ಅತಿ ಕಡಿಮೆ ಹಸ್ತಕ್ಷೇಪ. ಪರೀಕ್ಷೆಯಲ್ಲಿ ಮೊದಲರ್ಧ ಎಲ್ಲರೂ ಬರೆಯುತ್ತಾರೆ, ಎರಡನೇ ಅರ್ಧದ ಕಾರಣವನ್ನು ಬಿಟ್ಟುಬಿಡುತ್ತಾರೆ. ಕಡಿಮೆ ಅಪಾಯದವನಿಗೆ ಕೆಲಸ, ಮನೆ, ಅಪರಾಧದ ಸಹವಾಸವಿಲ್ಲದ ಸ್ನೇಹಿತರು ಇರುತ್ತಾರೆ, ಅವನ ಅಪಾಯ ಕಡಿಮೆ ಇರುವುದೇ ಅದರಿಂದ. ಅವನನ್ನು ವಾರಕ್ಕೆ ನಾಲ್ಕು ದಿನ ಹಗಲು ಹೊತ್ತಿನ ಗುಂಪು ಚಿಕಿತ್ಸೆಗೆ ಹಾಕಿದರೆ ಕೆಲಸ ಹೋಗುತ್ತದೆ, ಮನೆ ಸಡಿಲವಾಗುತ್ತದೆ, ಹೊಸ ಪರಿಚಯಗಳೆಲ್ಲ ಹೆಚ್ಚು ಅಪಾಯದವರದ್ದೇ ಆಗುತ್ತವೆ. ಕಾಪಾಡುತ್ತಿದ್ದದ್ದನ್ನೇ ನಾವು ಕಿತ್ತುಹಾಕಿದಂತಾಯಿತು.

ಯಾವುದರ ಮೇಲೆ ಕೆಲಸ ಎಂಬುದಕ್ಕೆ ಎಂಟು ಅಂಶಗಳ ಪಟ್ಟಿ ಇದೆ: ಅಪರಾಧದ ಹಿನ್ನೆಲೆ, ಅಪರಾಧವನ್ನು ಒಪ್ಪುವ ಮನೋಭಾವ, ಅಂಥದೇ ಸಂಗಾತಿಗಳು, ದುಡುಕಿನ ಸಮಾಜವಿರೋಧಿ ವ್ಯಕ್ತಿತ್ವ, ಕುಟುಂಬ, ಓದು-ಉದ್ಯೋಗ, ಬಿಡುವಿನ ಹೊತ್ತು, ವ್ಯಸನ. ಇದರಲ್ಲಿ ಹಿನ್ನೆಲೆ ಮಾತ್ರ ಬದಲಾಗದ್ದು, ಉಳಿದ ಏಳರ ಮೇಲೆ ಕೆಲಸ ಮಾಡಬಹುದು. ಆತ್ಮಗೌರವ, ಆತಂಕ, ದೈಹಿಕ ಆರೋಗ್ಯ ಈ ಪಟ್ಟಿಯಲ್ಲಿಲ್ಲ. ಹಾಗೆಂದು ಅವನ್ನು ಕಡೆಗಣಿಸಬಾರದು. ಖಾಯಿಲೆಗೆ ಮದ್ದು ಕೊಡುವುದು ಅದು ಹಕ್ಕು ಎಂಬ ಕಾರಣಕ್ಕೆ. ಪುನರಪರಾಧ ಕಡಿಮೆಯಾಗುತ್ತದೆ ಎಂಬ ನೆಪ ಅದಕ್ಕೆ ಬೇಕಿಲ್ಲ. ಈ ಎರಡು ಕಾರಣಗಳನ್ನು ಉತ್ತರಪತ್ರಿಕೆಯಲ್ಲಿ ಬೇರೆ ಬೇರೆಯಾಗಿಯೇ ಬರೆಯಿರಿ.

ರೆಸ್ಪಾನ್ಸಿವಿಟಿಯಲ್ಲಿ ಎರಡು ಭಾಗ. ಸಾಮಾನ್ಯ ಭಾಗ: ಉಪನ್ಯಾಸಕ್ಕಿಂತ ಅಭ್ಯಾಸ ಮಾಡಿಸುವ ಅರಿವು-ವರ್ತನೆ ವಿಧಾನ ಹೆಚ್ಚು ಫಲ ಕೊಡುತ್ತದೆ. ನಿರ್ದಿಷ್ಟ ಭಾಗ: ಈ ಮನುಷ್ಯನಿಗೆ ಓದಲು ಬರುತ್ತದೆಯೇ, ಯಾವ ಭಾಷೆ, ಖಿನ್ನತೆ ಇದೆಯೇ, ಬದಲಾಗುವ ಮನಸ್ಸು ಎಷ್ಟಿದೆ. ಓದಲು ಬಾರದವನಿಗೆ ವರ್ಕ್‌ಬುಕ್ ಕೊಟ್ಟು "ಸಹಕರಿಸಲಿಲ್ಲ" ಎಂದು ಬರೆದ ಫೈಲುಗಳು ಈ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ಅಲ್ಲಿ ಸೋತದ್ದು ಕಾರ್ಯಕ್ರಮ.

ಈಗ ಸ್ಕೋರು. ಎಲ್‌ಎಸ್‌ಐ-ಆರ್‌ನಂಥ ಅಪಾಯ ಅಳೆಯುವ ಉಪಕರಣದಲ್ಲಿ 54 ಅಂಶಗಳಿವೆ, ಸಂದರ್ಶನ ಮತ್ತು ದಾಖಲೆ ಎರಡನ್ನೂ ನೋಡಿ ತುಂಬಬೇಕು. ಒಟ್ಟು ಅಂಕಿ ಗುಂಪಿನ ಬಗ್ಗೆ ಮಾತನಾಡುತ್ತದೆ. "ಇಂಥ ಸ್ಕೋರಿನ 100 ಜನರಲ್ಲಿ ಸುಮಾರು 40 ಜನ" ಎಂದರೆ ಎದುರಿಗೆ ಕೂತಿರುವವನು ಆ 40ರಲ್ಲೋ 60ರಲ್ಲೋ ಎಂದು ಅದು ಹೇಳುವುದಿಲ್ಲ. ಕೇಸ್ ಪ್ಲಾನ್ ಬರೆಯುವಾಗ ಒಟ್ಟು ಅಂಕಿಯನ್ನು ಬಿಟ್ಟು ಒಳಗಿನ ಉಪ-ವಿಭಾಗ ನೋಡಿ. ಒಂದೇ ಸ್ಕೋರಿನ ಇಬ್ಬರಲ್ಲಿ ಒಬ್ಬನದು ಪೂರ್ತಿ ವ್ಯಸನದಿಂದ, ಇನ್ನೊಬ್ಬನದು ಸಹವಾಸ ಮತ್ತು ನಿರುದ್ಯೋಗದಿಂದ ಬಂದಿರಬಹುದು. ಇಬ್ಬರಿಗೂ ಒಂದೇ ಯೋಜನೆ ಹಾಕಿದರೆ ಅಳೆದೂ ಪ್ರಯೋಜನವಿಲ್ಲ.

ಉಪಕರಣದ ನಿಖರತೆಯನ್ನು ಸಾಮಾನ್ಯವಾಗಿ ಎಯುಸಿ ಎಂಬ ಸಂಖ್ಯೆಯಲ್ಲಿ ಕೊಡುತ್ತಾರೆ. 0.70 ಎಂದರೆ "ಶೇ. 70 ಸರಿ" ಎಂದಲ್ಲ. ಮತ್ತೆ ಅಪರಾಧ ಮಾಡಿದ ಒಬ್ಬನನ್ನೂ ಮಾಡದ ಒಬ್ಬನನ್ನೂ ಚೀಟಿ ಎತ್ತಿದ ಹಾಗೆ ಆರಿಸಿದರೆ, ಮೊದಲನೆಯವನ ಸ್ಕೋರು ಹೆಚ್ಚಿರುವ ಸಾಧ್ಯತೆ 100ರಲ್ಲಿ 70 ಎಂದು. 0.50 ಬಂದರೆ ನಾಣ್ಯ ಚಿಮ್ಮಿದ್ದಕ್ಕೆ ಸಮ.

ವಿರಳ ಘಟನೆಗಳಲ್ಲಿ ಏನಾಗುತ್ತದೆ ಎಂದು ಲೆಕ್ಕ ಮಾಡಿಯೇ ನೋಡಿ, ಇದನ್ನು ಒಮ್ಮೆ ಕೈಯಾರೆ ಮಾಡಿದವರು ಮರೆಯುವುದಿಲ್ಲ. 1,000 ಜನರಲ್ಲಿ 50 ಜನ ಮುಂದೆ ಗಂಭೀರ ಹಿಂಸೆ ಮಾಡುವವರು. ಉಪಕರಣ ಅವರಲ್ಲಿ ಶೇ. 70 ಜನರನ್ನು ಹಿಡಿಯುತ್ತದೆ: 35. ಹಿಂಸೆ ಮಾಡದ 950 ಜನರಲ್ಲಿ ಶೇ. 70 ಜನರನ್ನು ಸರಿಯಾಗಿ ಬಿಡುತ್ತದೆ, ಉಳಿದ 285 ಜನರಿಗೆ ತಪ್ಪಾಗಿ "ಅಪಾಯಕಾರಿ" ಎಂಬ ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದ 320 ಜನರಲ್ಲಿ ನಿಜವಾಗಿ ಹಿಂಸೆ ಮಾಡುವವರು ಶೇ. 11ರಷ್ಟು. ಒಂಬತ್ತು ಜನರಲ್ಲಿ ಎಂಟು ಜನರ ಬಿಡುಗಡೆ ಕಾರಣವಿಲ್ಲದೆ ತಡವಾಗಬಹುದು.

ಪಕ್ಷಪಾತದ ಪ್ರಶ್ನೆ ಬಂದೇ ಬರುತ್ತದೆ. ಎರಡು ಸಮುದಾಯಗಳಲ್ಲಿ ದಾಖಲಾದ ಮರುಬಂಧನದ ಪ್ರಮಾಣವೇ ಬೇರೆಯಾಗಿದ್ದರೆ, ಒಂದೇ ಸ್ಕೋರಿಗೆ ಎರಡೂ ಕಡೆ ಒಂದೇ ಅರ್ಥ ಇರಬೇಕು, ತಪ್ಪು ಚೀಟಿಯ ಪ್ರಮಾಣಗಳೂ ಎರಡೂ ಕಡೆ ಒಂದೇ ಇರಬೇಕು ಎಂಬ ಎರಡು ಬಯಕೆಗಳು ಒಟ್ಟಿಗೆ ಈಡೇರಲಾರವು. ಇದು ಗಣಿತದಲ್ಲಿ ಸಿದ್ಧವಾಗಿರುವ ಮಾತು. ಯಾವುದನ್ನು ಬಿಟ್ಟುಕೊಡುವುದು ಎಂಬುದನ್ನು ಮನುಷ್ಯರು ಬಹಿರಂಗವಾಗಿ ನಿರ್ಧರಿಸಬೇಕು. ಜೊತೆಗೆ, ಒಂದು ಬಡಾವಣೆಯಲ್ಲಿ ಪೊಲೀಸ್ ಗಸ್ತು ಹೆಚ್ಚಿದ್ದರೆ ಅಲ್ಲಿನವರ ಬಂಧನಗಳೂ ಹೆಚ್ಚು, ಅದು "ಹಿನ್ನೆಲೆ"ಯ ಅಂಕವಾಗಿ ಸ್ಕೋರಿನೊಳಗೆ ಕೂರುತ್ತದೆ.

ಉತ್ತರ: ಒಳಗಿನ_ಕೆಲಸ

ಫೀಲ್ಡ್‌ವರ್ಕ್ ಬಗ್ಗೆ.

ನೋಟ್‌ಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ ಕಂಡದ್ದು ಮತ್ತು ಕೇಳಿದ್ದು, ಬಲಕ್ಕೆ ನಿಮ್ಮ ಊಹೆ. "ಬಂದಿ ಆಕ್ರಮಣಕಾರಿಯಾಗಿ ವರ್ತಿಸಿದ" ಎಂಬುದು ಊಹೆ. "10:15ಕ್ಕೆ ಬಾಗಿಲಿಗೆ ಎರಡು ಸಲ ಒದ್ದ, 'ನನ್ನ ಮಾತ್ರೆ ಎಲ್ಲಿ' ಎಂದು ಕೂಗಿದ. 10:40ಕ್ಕೆ ಮಾತ್ರೆ ಬಂತು, ಕುಳಿತುಕೊಂಡ" ಎಂಬುದು ಕಂಡದ್ದು. ಎರಡನೆಯದನ್ನು ಓದಿದವರಿಗೆ ಔಷಧಿ ಹಂಚಿಕೆ ತಡವಾಗಿದೆ ಎಂದು ಗೊತ್ತಾಗುತ್ತದೆ, ಮೊದಲನೆಯದು ಅದನ್ನು ಮುಚ್ಚಿಹಾಕುತ್ತದೆ. ಜೈಲಿನ ಫೈಲಿಗೆ ಸೇರಿದ ಒಂದು ವಿಶೇಷಣ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ, ಪೆರೋಲ್ ಮಂಡಳಿಯೂ ಅದನ್ನೇ ಓದುತ್ತದೆ.

ಹೆಸರು, ಬಂದಿ ಸಂಖ್ಯೆ, ಊರು ಬರೆಯಬೇಡಿ. ಸಂಕೇತ ಇಡಿ, ಸಂಕೇತದ ಕೀಲಿಪಟ್ಟಿಯನ್ನು ಬೇರೆ ಕಡೆ ಇಡಿ. ಬೀಗ, ಕ್ಯಾಮೆರಾ, ಗಸ್ತಿನ ಸಮಯ, ಬಾಗಿಲುಗಳ ನಕ್ಷೆ ಬೇಡವೇ ಬೇಡ. ನೋಟ್‌ಬುಕ್ ಕಳೆದರೆ ಅದು ಭದ್ರತೆಯ ಸಮಸ್ಯೆಯಾಗುತ್ತದೆ. ಅಪರಾಧ ಯಾವುದು ಎಂದು ಕೇಳಬೇಡಿ, ವಿಚಾರಣಾಧೀನ ಬಂದಿಯ ಬಳಿಯಂತೂ ಕೇಸಿನ ವಿವರ ಎತ್ತಲೇಬೇಡಿ. ಅವರು ನಿಮಗೆ ಹೇಳಿದ್ದು ಮುಂದೆ ಅವರ ವಿರುದ್ಧ ಬಳಕೆಯಾಗಬಹುದು.

ಮಾತು ಶುರುವಾಗುವ ಮುನ್ನವೇ ಗೋಪ್ಯತೆಯ ಮಿತಿ ಹೇಳಿಬಿಡಿ: ತಮಗೋ ಬೇರೆಯವರಿಗೋ ಅಪಾಯ ಮಾಡುವ ಮಾತು, ತಪ್ಪಿಸಿಕೊಳ್ಳುವ ಯೋಜನೆ, ಮಗುವಿಗೆ ಹಾನಿ, ಇವು ಕಿವಿಗೆ ಬಿದ್ದರೆ ಮೇಲಿನವರಿಗೆ ತಿಳಿಸಲೇಬೇಕು. ಅವರು ಹೇಳಿಯಾದ ಮೇಲೆ ಈ ಮಾತು ಎತ್ತುವುದು ವಂಚನೆ. ಒಪ್ಪಿಗೆ ಕೇಳುವಾಗ, ಮಾತನಾಡಿದರೆ ಬಿಡುಗಡೆಗೆ ಅನುಕೂಲವಿಲ್ಲ, ನಿರಾಕರಿಸಿದರೆ ತೊಂದರೆಯೂ ಇಲ್ಲ ಎಂದು ಬಿಡಿಸಿ ಹೇಳಿ. ಕಾವಲು ಸಿಬ್ಬಂದಿ ಪಕ್ಕದಲ್ಲಿ ನಿಂತಿರುವಾಗ ಪಡೆದ "ಹೂಂ" ಒಪ್ಪಿಗೆಯಲ್ಲ.

ಸಣ್ಣ ಕೋರಿಕೆಗಳ ಬಗ್ಗೆ ಎಚ್ಚರ: ಒಂದು ಪತ್ರ ಪೋಸ್ಟ್ ಮಾಡಿ, ಮನೆಗೊಂದು ಫೋನ್ ಮಾಡಿ. ಮೊದಲ ಉಪಕಾರ ಮಾಡಿದ ಮೇಲೆ ಎರಡನೆಯದಕ್ಕೆ "ಮೊದಲನೆಯದನ್ನು ಹೇಳಿಬಿಡುತ್ತೇನೆ" ಎಂಬ ಒತ್ತಡ ಸೇರುತ್ತದೆ. ಹಾಗೆಂದು ಮುಖ ತಿರುಗಿಸಬೇಡಿ. ಕೋರಿಕೆ ಯಾರಿಗೆ ಸಲ್ಲಿಸಬೇಕೋ ಆ ದಾರಿ ತೋರಿಸಿ. ಪ್ರತಿದಿನ ಮನವಿ ಅಥವಾ ದೂರು ಕೊಡುವ ಅವಕಾಶ ಬಂದಿಗೆ ಇರಬೇಕು ಎಂಬುದು, ಬಂದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳ 56ನೇ ನಿಯಮ.

ಆ ನಿಯಮಗಳನ್ನು ಖಂಡಿತ ಓದಿಕೊಂಡು ಹೋಗಿ. 1955ರ ಕನಿಷ್ಠ ಮಾನದಂಡಗಳನ್ನು ಪರಿಷ್ಕರಿಸಿ 2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ 122 ನಿಯಮಗಳು ಅವು. ನೋಡುವ ಕಣ್ಣಿಗೆ ಪ್ರಶ್ನೆ ಕೊಡುತ್ತವೆ. ಬಂದ ಕೂಡಲೇ ಹಕ್ಕು ಮತ್ತು ನಿಯಮಗಳ ಲಿಖಿತ ಮಾಹಿತಿ ಕೊಟ್ಟರೇ, ಓದಲು ಬಾರದವರಿಗೆ ಬಾಯಲ್ಲಿ ಹೇಳಿದರೇ (ನಿಯಮ 54, 55)? ವೈದ್ಯಕೀಯ ತಪಾಸಣೆ ಎಷ್ಟು ಬೇಗ ಆಯಿತು (30)? ಹೊರಗೆ ಕೆಲಸವಿಲ್ಲದವರಿಗೆ ದಿನಕ್ಕೆ ಕನಿಷ್ಠ ಒಂದು ಗಂಟೆ ಬಯಲಿನಲ್ಲಿ ವ್ಯಾಯಾಮ (23)? ಅರ್ಥಪೂರ್ಣ ಮಾನವ ಸಂಪರ್ಕವಿಲ್ಲದೆ ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಇಟ್ಟರೆ ಅದು ಏಕಾಂತ ಬಂಧನ, ಸತತ 15 ದಿನ ಮೀರಿದರೆ ದೀರ್ಘ ಏಕಾಂತ, ಅದಕ್ಕೆ ನಿಷೇಧ ಇದೆ (43, 44). ಸಿಬ್ಬಂದಿ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿರಬಹುದು, ನೀವು ಗಂಟೆ ಎಣಿಸಿ. ಮಹಿಳಾ ಬಂದಿಗಳಿದ್ದರೆ ವಿಶ್ವಸಂಸ್ಥೆಯದೇ 2010ರ ಬ್ಯಾಂಕಾಕ್ ನಿಯಮಗಳು, ಒಟ್ಟು 70. ಇವುಗಳ ಜೊತೆ ನಿಮ್ಮ ದೇಶದ ಕಾನೂನು ಮತ್ತು ಆ ಜೈಲಿನ ಕೈಪಿಡಿಯನ್ನು ಪಕ್ಕಪಕ್ಕ ಇಟ್ಟು ಓದಿ.

ಆತ್ಮಹತ್ಯೆಯ ಅಪಾಯ ಏರುವ ಹೊತ್ತುಗಳು ಗೊತ್ತಿರಲಿ: ಬಂದ ಮೊದಲ ದಿನಗಳು, ಕೋರ್ಟಿನಿಂದ ಮರಳಿದ ಸಂಜೆ, ಮನೆಯಿಂದ ಕೆಟ್ಟ ಸುದ್ದಿ ಬಂದಾಗ, ಒಂಟಿ ಕೋಣೆಗೆ ಹಾಕಿದಾಗ. ಅಂಥ ಮಾತು ಕೇಳಿದರೆ ಅದೇ ಗಳಿಗೆ ಕರ್ತವ್ಯದಲ್ಲಿರುವ ಅಧಿಕಾರಿಗೆ ಬಾಯಲ್ಲಿ ಹೇಳಿ, ಆಮೇಲೆ ಬರೆದು ಕೊಡಿ. ವಾರದ ಸಭೆಗೆ ಕಾಯಬೇಡಿ.

ಉತ್ತರ: ಪಠ್ಯ_ಕ್ರಮ

ಥಿಯರಿ ಎಷ್ಟು ಎಂದರೆ, ಒಳಗೆ ಕಂಡದ್ದಕ್ಕೆ ಎರಡು ಎದುರಾಳಿ ವಿವರಣೆ ಕೊಡುವಷ್ಟು. ಸಮಾಜಶಾಸ್ತ್ರಜ್ಞ ಕ್ಲೆಮ್ಮರ್ 1940ರಲ್ಲಿ, ಬಂದಿಗಳು ಕಾಲಕ್ರಮೇಣ ಜೈಲಿನ ರೀತಿ-ನೀತಿಯನ್ನೇ ಮೈಗೂಡಿಸಿಕೊಳ್ಳುತ್ತಾರೆ ಎಂದರು. ಸೈಕ್ಸ್ 1958ರಲ್ಲಿ ಅದಕ್ಕೆ ಕಾರಣವಾಗಿ ಐದು ವಂಚಿತತೆಗಳನ್ನು ಹೇಳಿದರು: ಸ್ವಾತಂತ್ರ್ಯ, ವಸ್ತು-ಸೇವೆ, ಲೈಂಗಿಕ ಸಂಬಂಧ, ಸ್ವಾಯತ್ತತೆ, ಸುರಕ್ಷತೆ. ಇರ್ವಿನ್ ಮತ್ತು ಕ್ರೆಸ್ಸಿ 1962ರಲ್ಲಿ, ಆ ಸಂಸ್ಕೃತಿ ಹೊರಗಿನಿಂದಲೇ ಹೊತ್ತು ತಂದದ್ದು ಎಂದರು. ವೀಲರ್ 1961ರಲ್ಲಿ ಕಂಡುಕೊಂಡದ್ದು, ಬಿಡುಗಡೆ ಹತ್ತಿರ ಬಂದಂತೆ ಬಂದಿಗಳು ಮತ್ತೆ ಹೊರಗಿನ ಮೌಲ್ಯಗಳತ್ತ ವಾಲುತ್ತಾರೆ ಎಂದು. ಹಾಗಾಗಿ ಯಾರನ್ನಾದರೂ ಗಮನಿಸುವಾಗ ಅವರು ಶಿಕ್ಷೆಯ ಯಾವ ಹಂತದಲ್ಲಿದ್ದಾರೆ ಎಂದು ನೋಟ್‌ಬುಕ್ಕಿನಲ್ಲಿ ಗುರುತಿಸಿ.

1971ರ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ಸಾಕ್ಷ್ಯವಾಗಿ ಬಳಸಬೇಡಿ. ವಿದ್ಯಾರ್ಥಿಗಳಿಗೆ ಕಾವಲುಗಾರ, ಬಂದಿ ಎಂದು ಪಾತ್ರ ಹಂಚಿ ಎರಡು ವಾರಕ್ಕೆಂದು ಶುರುವಾಗಿ ಆರು ದಿನಕ್ಕೆ ನಿಂತ ಅದರಲ್ಲಿ, ಕಾವಲುಗಾರರ ಪಾತ್ರದವರಿಗೆ ಹೇಗೆ ನಡೆದುಕೊಳ್ಳಬೇಕೆಂದು ಮೊದಲೇ ಸೂಚನೆ ಹೋಗಿತ್ತು ಎಂದು ಸಂಗ್ರಹಾಲಯದ ದಾಖಲೆಗಳು ಆಮೇಲೆ ತೋರಿಸಿವೆ.

ಮರುಪ್ರಶ್ನೆ: ಹೊಸ_ಓದು

ತುಂಬ ಉಪಕಾರವಾಯಿತು. ಆರು ವಾರದಲ್ಲಿ ಅಲ್ಲಿನ ಸಾಕ್ಷರತಾ ತರಗತಿಯನ್ನೇ ಚಿಕ್ಕದಾಗಿ ಮೌಲ್ಯಮಾಪನ ಮಾಡಬಹುದೇ? ಸುಮಾರು 30 ಜನ ಇದ್ದಾರಂತೆ. ಹೋಲಿಕೆಗೆ ಗುಂಪಿಲ್ಲ.

ಉತ್ತರ: ಅಂಕಿ_ಅಂಶ

ಮಾಡಬಹುದು, ಆದರೆ ಪುನರಪರಾಧವನ್ನು ಮುಟ್ಟಬೇಡಿ. 30 ಜನ, ಆರು ವಾರ, ಇನ್ನೂ ಒಳಗಿರುವವರು. ಅಲ್ಲಿ ಅಳೆಯಲು ಅದು ಇಲ್ಲವೇ ಇಲ್ಲ. ತರಗತಿ ಹೇಳಿಕೊಂಡಂತೆ ನಡೆಯುತ್ತಿದೆಯೇ ಎಂಬುದನ್ನು ನೋಡಿ. ವೇಳಾಪಟ್ಟಿಯಲ್ಲಿ ಎಷ್ಟು ಗಂಟೆ, ನಿಜವಾಗಿ ನಡೆದದ್ದು ಎಷ್ಟು, ಒಬ್ಬೊಬ್ಬರ ಕೈಗೆ ದಕ್ಕಿದ್ದು ಎಷ್ಟು. ರದ್ದಾದ ಪ್ರತಿ ತರಗತಿಗೆ ಕಾರಣ ಬರೆಯಿರಿ: ಬಂದಿಗಳ ಎಣಿಕೆ ತಪ್ಪಿ ಬಾಗಿಲು ತೆರೆಯಲಿಲ್ಲ, ಬೆಂಗಾವಲು ಇರಲಿಲ್ಲ, ಅದೇ ಹೊತ್ತಿಗೆ ಕುಟುಂಬದ ಭೇಟಿ, ಕೋರ್ಟ್ ಹಾಜರಿ, ಕೂಲಿ ಸಿಗುವ ಕೆಲಸದ ಪಾಳಿ. ಓದಲು ಬಾರದವರೇ ಸೇರಿದ್ದಾರೋ, ಹಾಜರಿ ತುಂಬಿಸಲು ಈಗಾಗಲೇ ಬಲ್ಲವರನ್ನು ಕೂರಿಸಿದ್ದಾರೋ ಎಂಬುದನ್ನೂ ನೋಡಿ. ನಡುವೆ ಬಿಟ್ಟವರನ್ನು ಪಟ್ಟಿಯಿಂದ ತೆಗೆಯಬೇಡಿ. ವರ್ಗಾವಣೆಯಾದವರನ್ನೂ ತಾವೇ ಬಿಟ್ಟವರನ್ನೂ ಬೇರೆ ಬೇರೆ ಕಾಲಮಿನಲ್ಲಿ ತೋರಿಸಿ.

ಮೊದಲು-ಆಮೇಲೆ ಓದಿನ ಪರೀಕ್ಷೆ ಮಾಡಿದರೆ ಒಂದು ಎಚ್ಚರಿಕೆ. ಮೊದಲ ದಿನ ತೀರ ಕಡಿಮೆ ಅಂಕ ಬಂದವರು ಎರಡನೇ ಸಲ ಏನೂ ಕಲಿಯದಿದ್ದರೂ ಸ್ವಲ್ಪ ಏರುತ್ತಾರೆ, ಮೊದಲ ದಿನದ ದುರದೃಷ್ಟದ ಪಾಲು ಎರಡನೇ ಸಲ ಇರುವುದಿಲ್ಲ. ತರಗತಿಗೆ ಕಾಯುವ ಪಟ್ಟಿ ಇದ್ದರೆ ಆ ಜನರಿಗೂ ಅದೇ ಎರಡು ದಿನ ಪರೀಕ್ಷೆ ಕೊಡಿ. ನೀವು ಇಲ್ಲ ಎಂದುಕೊಂಡ ಹೋಲಿಕೆ ಗುಂಪು ಅದೇ.

ಉತ್ತರ: ಒಳಗಿನ_ಕೆಲಸ

ಹಾಗೆ ಮಾಡುವುದಾದರೆ ಕಾಲೇಜಿನ ಸಂಶೋಧನಾ ನೈತಿಕತೆ ಸಮಿತಿ ಮತ್ತು ಜೈಲು ಆಡಳಿತ, ಎರಡೂ ಕಡೆಯ ಅನುಮತಿಗೆ ಈ ಸೆಮಿಸ್ಟರಿನಲ್ಲೇ ಅರ್ಜಿ ಹಾಕಿ. ಎರಡು ಪರೀಕ್ಷೆಯ ಪ್ರಶ್ನೆಪತ್ರಿಕೆ, ಒಪ್ಪಿಗೆ ಪತ್ರದ ಕರಡು, ದತ್ತಾಂಶ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂಬ ವಿವರ ಮೊದಲ ಅರ್ಜಿಯಲ್ಲೇ ಇರಲಿ. ಇವುಗಳಲ್ಲಿ ಒಂದು ಬಿಟ್ಟುಹೋದರೂ ಕಡತ ವಾಪಸು ಬರುತ್ತದೆ, ಅದು ಮತ್ತೆ ಮೇಲೆ ಹೋಗುವಷ್ಟರಲ್ಲಿ ನಿಮ್ಮ ಆರು ವಾರ ಮುಗಿದಿರುತ್ತದೆ. ಪೆನ್ ಡ್ರೈವ್, ಸ್ಮಾರ್ಟ್ ವಾಚ್, ರೆಕಾರ್ಡರ್ ಒಳಗೆ ಬಿಡುವುದಿಲ್ಲ ಎಂದೇ ಎಣಿಸಿ, ಎಲ್ಲವನ್ನೂ ಕಾಗದದ ಮೇಲೆ ಮಾಡುವ ಯೋಜನೆ ಹಾಕಿಕೊಳ್ಳಿ. ಸ್ಪೈರಲ್ ತಂತಿಯ ನೋಟ್‌ಬುಕ್ ಅನ್ನೂ ಎಷ್ಟೋ ಕಡೆ ಗೇಟಿನಲ್ಲೇ ತಡೆಯುತ್ತಾರೆ, ಹೊಲಿದ ಬೈಂಡಿನದ್ದು ಕೊಳ್ಳಿ.